ಹಿಡಿ ಬೇಡವೆಂದ ಮೇಡಂ

ನಮ್ಮ ಶಾಲೆಯ ಕ್ರಾಫ್ಟ್ ಮೇಡಂ ಹೋದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯ ಜೊತೆಗೆ ಒಂದು ಸ್ಮರಣಿಕೆಯನ್ನೂ ಕೊಟ್ಟೆವು. ಗಾಜಿನಂತೆ ಕಾಣುವ ದಪ್ಪ ಪ್ಲಾಸ್ಟಿಕ್ಕಿನ ಫಲಕ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ಅವರ ಹೆಸರು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಎದೆಗೊತ್ತಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಇವರು ವೇದಿಕೆಯ ಮೇಲೆಯೇ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಪರೀಕ್ಷಿಸಿ, ಪಕ್ಕದಲ್ಲಿದ್ದ ನನಗೆ, “ಮಟ್ಟವಾಗೇ ಅದೆ ಮೇಷ್ಟ್ರೇ. ಈ ಎಸ್ರು ಕೆರ್ದುಬುಟ್ರೆ ದೊಡ್ಡ ಗಣಪ್ತಿ ಆರಾಮಾಗಿ ಕೂರ್ತಾನೆ,” ಅಂದರು. ಎದುರಿಗಿದ್ದ ಮೈಕು ಆನ್ ಆಗಿತ್ತು. ಸ್ಮರಣಿಕೆ ಆರಿಸಿ ತಂದಿದ್ದ ಪಿ.ಟಿ. ಮೇಷ್ಟ್ರು ಇವತ್ತಿಗೂ ಆ ಮಾತನ್ನು ಮರೆತಿಲ್ಲ.

ಹೆಸರಿನ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ನಿಮ್ಮ ಬಗ್ಗೆ ಬರೆಯುತ್ತೇನೆ ಅಂದಾಗ ಮೇಡಂ, “ಬರ್ಕಳಿ, ಎಸ್ರು ಮಾತ್ರ ಆಕ್ಬೇಡಿ. ನಮ್ಮಣ್ಣಂಗೆ ಗೊತ್ತಾದ್ರೆ ಬಯ್ಸ್ಕಳೋರು ಯಾರು?” ಅಂದರು. ಅಣ್ಣನಿಗೆ ಓದುವ ಅಭ್ಯಾಸ ಉಂಟೇ ಎಂದು ಕೇಳಿದೆ. “ಇಲ್ಲ. ಆದ್ರೆ ಓದ್ದೋರು ಓಗಿ ಯೋಳ್ತಾರಲ್ಲ,” ಅಂದರು. ಹಾಗಾಗಿ ಇಲ್ಲಿ ಅವರು ಬರೀ ಮೇಡಂ. ನಾನು ಮಳವಳ್ಳಿಯ ಅದೇ ಶಾಲೆಯ ಕನ್ನಡ ಮೇಷ್ಟ್ರು, ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡುವವನು, ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯವನು. ಆ ಕುರ್ಚಿಯ ಪುಣ್ಯದಿಂದ ನನ್ನ ಎಷ್ಟೋ ಬಿಳಿ ಅಂಗಿಗಳ ತೋಳಿನ ಮೇಲೆ ಮಾವಿನೆಲೆ, ನವಿಲುಗರಿ ಮೂಡಿವೆ. ನನ್ನ ಹೆಂಡತಿ ಮೊದಮೊದಲು ಅನುಮಾನದಿಂದ ನೋಡುತ್ತಿದ್ದಳು, ಆಮೇಲೆ ಡಿಸೈನು ಚೆನ್ನಾಗಿಲ್ಲದ ದಿನ ಮಾತ್ರ ಬಯ್ಯತೊಡಗಿದಳು.

ಮೇಡಂ ಮಕ್ಕಳಿಗೆ ಕಲಿಸುತ್ತಿದ್ದದ್ದು ಹೊಲಿಗೆ. ಅವರ ಜೀವ ಇದ್ದದ್ದು ಮಾತ್ರ ರಬ್ಬರ್ ಸ್ಟಾಂಪಿನಲ್ಲಿ. ಕಚೇರಿಯ ಸೀಲು ಅಂದುಕೊಳ್ಳಬೇಡಿ. ಹೂವು, ಬಳ್ಳಿ, ಕಳಶ, ಗಿಳಿ, ತೊಟ್ಟಿಲು ಇಂಥ ಚಿತ್ರಗಳ ಅಚ್ಚು. ದಪ್ಪನೆಯ ಡ್ರಾಯಿಂಗ್ ಹಾಳೆಯನ್ನು ಮಡಿಸಿ, ಅಚ್ಚೊತ್ತಿ, ಬಣ್ಣ ತುಂಬಿ, ಅಂಚಿಗೆ ಕತ್ತರಿಯಿಂದ ಅಲೆಅಲೆಯಾಗಿ ಕತ್ತರಿಸಿ ಅವರು ಕಾರ್ಡು ಮಾಡುತ್ತಿದ್ದರು. ನಮ್ಮ ಶಾಲೆಯಲ್ಲಿ ಯಾರ ಮನೆಯಲ್ಲಿ ನಾಮಕರಣವಾದರೂ, ಮದುವೆಯಾದರೂ ಕರೆಯೋಲೆ ಅವರದೇ. ಕೇಳಬೇಕಾಗಿಯೂ ಇರಲಿಲ್ಲ. ನಮ್ಮ ಸಮಾಜ ವಿಜ್ಞಾನದ ಮೇಡಂಗೆ ಗಂಡು ನಿಶ್ಚಯವಾಗುವ ಮೊದಲೇ ಇವರು ಕಾರ್ಡಿನ ಮೇಲೆ ಕಳಶ ಒತ್ತಿಟ್ಟು, ಗಂಡಿನ ಹೆಸರಿನ ಜಾಗ ಖಾಲಿ ಬಿಟ್ಟಿದ್ದರು.

ಮೊದಲು ಆ ಅಚ್ಚುಗಳಿಗೂ ಎಲ್ಲ ಸ್ಟಾಂಪುಗಳ ಹಾಗೆ ಮರದ ಹಿಡಿ ಇತ್ತಂತೆ. ಒಂದು ಬೇಸಿಗೆ ರಜೆ ಕಳೆದು ಮನೆಗೆ ಬಂದು ಬೀರು ತೆಗೆದರೆ ಒಳಗೆಲ್ಲ ಗೆದ್ದಲು. ಅಷ್ಟೂ ಹಿಡಿಗಳನ್ನು ತಿಂದು ಮುಗಿಸಿ, ರಬ್ಬರನ್ನು ಮಾತ್ರ ಮುಟ್ಟದೆ ಬಿಟ್ಟುಹೋಗಿತ್ತು. ಬೇರೆಯವರು ತಲೆ ಮೇಲೆ ಕೈ ಹೊತ್ತು ಕೂರುವ ಹೊತ್ತು ಅದು. ಮೇಡಂ ಮಣ್ಣು ಕೊಡವಿ ಆ ರಬ್ಬರಿನ ಚೂರುಗಳನ್ನೆಲ್ಲ ಒಂದು ಅಂಗೈಯಲ್ಲಿ ಹಿಡಿದು ನೋಡಿದರು. ಒಂದಿಡೀ ಬೀರು ಒಂದು ಅಂಗೈಯೊಳಗೆ ಬಂದಿತ್ತು. “ಬ್ಯಾಡದ್ದನ್ನ ಅವೇ ತಿಂದ್ಬುಟ್ಟವೆ ಮೇಷ್ಟ್ರೇ. ಈಗ ನೋಡಿ, ಬೀರುನಾಗೆ ಎಷ್ಟು ಜಾಗ!” ಎಂದು ನನಗೆ ಫೋನು ಮಾಡಿ ಹೇಳಿದರು. ಅವತ್ತಿನಿಂದ ಹಿಡಿಯ ಸಹವಾಸವೇ ಬೇಡವೆಂದರು. ಯಾರಾದರೂ ಯಾಕೆ ಎಂದರೆ, “ಹಿಡಿ ಯಾಕ್ರೀ? ಹಿಡ್ಕಳಾಕೆ ಕೈ ಇಲ್ವಾ?” ಎಂದು ತಿರುಗಿ ಕೇಳುತ್ತಿದ್ದರು.

ಮಂಡ್ಯದಲ್ಲಿ ಸೀಲು ಮಾಡಿಕೊಡುವ ಒಂದು ಸಣ್ಣ ಅಂಗಡಿಗೆ ಅವರ ಜೊತೆ ನಾನೂ ಒಮ್ಮೆ ಹೋಗಿದ್ದೆ. ಮೇಡಂ ತಾವು ಬರೆದ ನವಿಲಿನ ಚಿತ್ರ ಕೊಟ್ಟು, ಹಿಡಿ ಬೇಡ, ರಬ್ಬರ್ ಮಾತ್ರ ಕೊಡಿ ಅಂದರು. ಅಂಗಡಿಯವನು ಕನ್ನಡಕದ ಮೇಲಿನಿಂದ ನಮ್ಮಿಬ್ಬರನ್ನೂ ನೋಡಿದ. “ಹಿಡಿ ಇಲ್ದ ಸೀಲು ಕೇಳೋರು ಒಳ್ಳೆ ಕೆಲ್ಸಕ್ಕೆ ಕೇಳಾಕಿಲ್ಲ ಕಣಮ್ಮ. ಬಚ್ಚಿಟ್ಕಳಾಕೆ ಕೇಳ್ತಾರೆ,” ಅಂದ. “ನವಿಲಿನ ಸೀಲ್ ಆಕಿ ನಾನ್ಯಾವ ಜಮೀನು ಒಡ್ಕಳ್ಲಪ್ಪಾ?” ಎಂದು ಮೇಡಂ ಕೇಳಿದರು. ಅವನಿಗೆ ಅದು ಸರಿ ಎನ್ನಿಸಿದರೂ ಅನುಮಾನ ಪೂರ್ತಿ ಹೋಗಲಿಲ್ಲ. ನವಿಲು ಕೊಡುವಾಗ ನನ್ನ ಹೆಸರು, ಊರು ಬರೆದುಕೊಂಡ. ಮೇಡಂ ಹೆಸರು ಕೇಳಲೇ ಇಲ್ಲ. ನನ್ನ ಮುಖದಲ್ಲಿ ಅವನಿಗೆ ಏನು ಕಂಡಿತೋ ನನಗೆ ಇನ್ನೂ ತಿಳಿದಿಲ್ಲ.

ಹಿಡಿಯಿಲ್ಲದ ರಬ್ಬರನ್ನು ಒತ್ತುವುದು ಹೇಗೆ ಅಂದರೆ ಅಲ್ಲೇ ಅವರ ಬುದ್ಧಿ. ರಬ್ಬರಿನ ಬೆನ್ನಿಗೆ ತೆಳುವಾದ ಸ್ಪಂಜು ಅಂಟಿಸಿ, ಅದರ ಮೇಲೆ ಒಣಗಿದರೂ ಅಂಟಂಟಾಗಿಯೇ ಉಳಿಯುವ ಒಂದು ಗೋಂದು ಸವರುತ್ತಿದ್ದರು. ಬೇಕಾದಾಗ ಅದನ್ನು ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ಕಿನ ತುಂಡಿಗೆ ಅಂಟಿಸುವುದು, ಶಾಯಿ ಮುಟ್ಟಿಸಿ ಒತ್ತುವುದು, ಕಿತ್ತು ಎತ್ತಿಡುವುದು. ಕೆಳಗಿರುವ ಕಾಗದ ಕಾಣುವುದರಿಂದ ಹೂವು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿತ್ತು. ಆ ಪ್ಲಾಸ್ಟಿಕ್ ತುಂಡು ಎಲ್ಲಿಂದ ಬರಬೇಕು? ಸ್ಮರಣಿಕೆಗಳಿಂದ. ನಮ್ಮ ಕಡೆ ಸಮಾರಂಭ ಅಂದರೆ ಸ್ಮರಣಿಕೆ. ಭಾಷಣ ಮಾಡಿದವನಿಗೂ ಒಂದು, ಕೇಳಿದವನಿಗೂ ಒಂದು. ಅವು ಶೋಕೇಸಿನಲ್ಲಿ ಧೂಳು ತಿನ್ನುವುದನ್ನು ನೋಡಿ ಮೇಡಂಗೆ ಹೊಟ್ಟೆ ಉರಿಯುತ್ತಿತ್ತು. ಯಾರ ಮನೆಗೆ ಹೋದರೂ ಕಾಫಿ ಬರುವ ಮೊದಲೇ ಶೋಕೇಸಿನ ಮುಂದೆ ನಿಂತು, “ಇದ್ರಿಂದ ನಿಮ್ಗೇನ್ ಉಪ್ಯೋಗ?” ಎಂದು ಕೇಳುತ್ತಿದ್ದರು. ನನಗೆ ಸಿಕ್ಕಿದ್ದ ಏಕೈಕ ಸ್ಮರಣಿಕೆ, ತಾಲ್ಲೂಕು ಮಟ್ಟದ ಭಾಷಣ ಸ್ಪರ್ಧೆಯ ತೀರ್ಪುಗಾರನಾಗಿದ್ದಕ್ಕೆ ಕೊಟ್ಟದ್ದು, ಹಾಗೆಯೇ ಹೋಯಿತು. ಈಗ ಅದರ ಮೇಲೆ ಅಡಿಕೆ-ವೀಳ್ಯದೆಲೆಯ ಅಚ್ಚು ಕೂರುತ್ತದೆ.

ಎತ್ತಿಡುವ ವಿಷಯ ಇನ್ನೂ ವಿಚಿತ್ರ. ರಬ್ಬರನ್ನು ಒಂದರ ಮೇಲೊಂದು ಪೇರಿಸಿದರೆ ಶಾಯಿ ಹತ್ತಿಕೊಳ್ಳುತ್ತದೆ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ಕಾಗದಕ್ಕೆ ಅಂಟಿಸಿದರೆ ಗೋಂದು ಹಾಳು. ನಯವಾದ, ತೆಳುವಾದ, ಸುಲಭವಾಗಿ ಕೀಳಲು ಬರುವ ಹಾಳೆ ಬೇಕಿತ್ತು. ಮೇಡಂ ಊರವರ ಹಳೆಯ ಎಕ್ಸ್‌ರೇಗಳನ್ನು ಕೂಡಿಹಾಕಿದರು. ಒಂದೊಂದು ಎಕ್ಸ್‌ರೇ ಮೇಲೆ ಒಂದೊಂದು ಜಾತಿಯ ಅಚ್ಚು ಅಂಟಿಸಿ, ಟ್ರಂಕಿನಲ್ಲಿ ನಿಲ್ಲಿಸಿಟ್ಟರು. ಕಿಟಕಿಗೆ ಹಿಡಿದರೆ ಎಲ್ಲವೂ ಒಟ್ಟಿಗೆ ಕಾಣುತ್ತಿದ್ದವು. ಅವರ ಮನೆಯಲ್ಲಿ ಕಾರ್ಡು ಮಾಡಲು ಕೂತರೆ ಕೇಳಿಬರುತ್ತಿದ್ದ ಮಾತುಗಳನ್ನು ಹೊಸಬರು ಕೇಳಿದರೆ ಓಡಿಹೋಗುತ್ತಿದ್ದರು.

“ಬಾಳೆಕಂದು ಎಲ್ಲದೆ ಮೇಡಂ?”

“ಪಕ್ಕದ್ಮನೆ ಅಜ್ಜಿ ಸೊಂಟದ ಮೇಲೆ ನೋಡಿ.”

“ಗಿಳಿ?”

“ಎಡ್ಮಾಸ್ಟ್ರು ಮಂಡಿ ಮೇಲವೆ ಎಲ್ಲ ಪಕ್ಷಿಗಳೂವೆ.”

ಈ ಮಂಡಿಯ ವಿಷಯ ಒಂದು ಸಲ ರಾದ್ಧಾಂತವಾಯಿತು. ಹೆಡ್‌ಮಾಸ್ಟರಿಗೆ ಮತ್ತೆ ಮಂಡಿನೋವು ಬಂದು, ಹಳೆಯ ಎಕ್ಸ್‌ರೇ ತನ್ನಿ ಎಂದು ಡಾಕ್ಟರು ಹೇಳಿದರು. ಮೇಡಂ ಪಕ್ಷಿಗಳನ್ನೆಲ್ಲ ಕಿತ್ತು, ಹಾಳೆಯನ್ನು ಒರೆಸಿ ಕೊಟ್ಟರು. ಒಂದು ಪುಟ್ಟ ಗಿಳಿ ಉಳಿದುಹೋಗಿತ್ತು. ಡಾಕ್ಟರು ದೀಪದ ಮುಂದೆ ಹಿಡಿದು, “ಚಿಪ್ಪಿನ ಕೆಳಗೆ ಏನೋ ಕೂತ ಹಾಗಿದೆಯಲ್ಲ,” ಅಂದರಂತೆ. ಹೆಡ್‌ಮಾಸ್ಟರ ಮುಖ ಬಿಳಿಚಿಕೊಂಡಿತು. ಡಾಕ್ಟರು ಮತ್ತೂ ಬಗ್ಗಿ ನೋಡಿ, “ಕೊಕ್ಕು ಇದೆ,” ಅಂದರಂತೆ. ಮಾರನೆಯ ದಿನ ಹೆಡ್‌ಮಾಸ್ಟರು ಸ್ಟಾಫ್ ರೂಮಿಗೆ ಬಂದು ಮೇಡಂ ಮೇಜಿನ ಮೇಲೆ ಗಿಳಿಯನ್ನಿಟ್ಟು ಹೋದರು. ಮೇಡಂ ಅದರ ಬೆನ್ನು ಮುಟ್ಟಿ ನೋಡಿ, “ಪಾಪ, ಗೋಂದು ಎಲ್ಲೂ ಓಗಿಲ್ಲ,” ಅಂದರು. ಹೆಡ್‌ಮಾಸ್ಟರ ಮಂಡಿ ಹೇಗಿದೆ ಎಂದು ಕೇಳುವುದನ್ನು ನಾವೆಲ್ಲ ಮರೆತೆವು.

ಹೊಸ ಅಚ್ಚು ಬಂದರೆ ಶಾಯಿ ಮುಟ್ಟಿಸುವ ಮೊದಲು ಅದರ ಆಳ ನೋಡಬೇಕಂತೆ. ಅದಕ್ಕೆ ಮೇಡಂ ಊಟದ ಡಬ್ಬಿಯಲ್ಲಿ ತಂದ ರಾಗಿಮುದ್ದೆಯ ಮೇಲೆ ಒತ್ತಿ ನೋಡುತ್ತಿದ್ದರು. ಗೆರೆ ಗೆರೆಯೂ ಮೂಡುತ್ತಿತ್ತು, ನಿಜ. ಆಮೇಲೆ ಆ ಮುದ್ದೆಯನ್ನು ಮುರಿಯಲು ಅವರಿಗೇ ಮನಸ್ಸು ಬರುತ್ತಿರಲಿಲ್ಲ. ಒಮ್ಮೆ ಲಕ್ಷ್ಮಿಯ ಅಚ್ಚೊತ್ತಿಬಿಟ್ಟು, ಅದಕ್ಕೆ ಉಪ್ಸಾರು ಹಾಕುವುದು ಹೇಗೆ ಎಂದು ಸಂಕಟಪಟ್ಟು, ನನ್ನ ಚಪಾತಿ ತಿಂದರು. ಮುದ್ದೆಗೆ ನಾನು ಕೈ ಮುಗಿದು ಉಪವಾಸ ಕೂತೆ.

ಇಷ್ಟು ಹೇಳಿದ ಮೇಲೆ ಟಗರಿನ ವಿಷಯಕ್ಕೆ ಬರಬೇಕು. ನಮ್ಮ ಸೀಮೆಯಲ್ಲಿ ಮದುವೆಗಿಂತ ಅದಾದ ಮೇಲಿನ ಬೀಗರೂಟಕ್ಕೆ ಜನ ಹೆಚ್ಚು. ಬೀಗರೂಟದ ಕಾರ್ಡಿಗೆ ಮೇಡಂ ಮೂಲೆಯಲ್ಲಿ ಸುರುಳಿ ಕೊಂಬಿನ ಒಂದು ಟಗರು ಒತ್ತುತ್ತಿದ್ದರು. ಬಾಯಿಬಿಟ್ಟು ಬಾಡೂಟ ಎಂದು ಬರೆಯುವ ಗೊಡವೆ ಇರಲಿಲ್ಲ. ಮಳವಳ್ಳಿಯಿಂದ ಹಲಗೂರಿನವರೆಗೆ ಜನಕ್ಕೆ ಇದು ಎಷ್ಟು ಅಭ್ಯಾಸವಾಯಿತೆಂದರೆ, ಮೇಡಂ ಕಾರ್ಡು ಕೈಗೆ ಬಂದರೆ ಯಾರೂ ಗಂಡು-ಹೆಣ್ಣಿನ ಹೆಸರು ಓದುತ್ತಿರಲಿಲ್ಲ. ನೇರ ಮೂಲೆ ನೋಡುತ್ತಿದ್ದರು. ಟಗರಿದ್ದರೆ ದಿನ ಯಾವುದು ಎಂದು ನೋಡುತ್ತಿದ್ದರು. ಇಲ್ಲದಿದ್ದರೆ ದೇವರ ಮುಂದಿಟ್ಟು ಮರೆಯುತ್ತಿದ್ದರು.

ಇಷ್ಟೆಲ್ಲ ಹೆಸರು ಮಾಡಿದರೂ ಮೇಡಂಗೆ ಒಂದು ಕೊರಗಿತ್ತು. ಹಲಗೂರಿನ ಹತ್ತಿರದ ಹಳ್ಳಿಯಲ್ಲಿರುವ ಅವರ ಅಣ್ಣ ಈ ಅಚ್ಚುಗಳನ್ನು ಒಂದು ದಿನವೂ ಮೆಚ್ಚಿರಲಿಲ್ಲ. ತಂದೆ ಹೋದ ಮೇಲೆ ತಂಗಿಯನ್ನು ಓದಿಸಿ, ಟೀಚರ್ ಕೆಲಸಕ್ಕೆ ಸೇರಿಸಿದವರು ಅವರೇ. ಅಂಥ ತಂಗಿ ಕೂತು ರಬ್ಬರ್ ಚೂರು ಆಯುವುದು ಅವರಿಗೆ ಮಕ್ಕಳಾಟವಾಗಿ ಕಾಣುತ್ತಿತ್ತು. ಊರೆಲ್ಲ ಹೊಗಳಿದರೂ ಮೇಡಂ ಕಿವಿಗೆ ಅದು ಹತ್ತುತ್ತಿರಲಿಲ್ಲ. ಅಣ್ಣ ಒಂದು ಸಲ ಒಳ್ಳೇ ಮಾತಾಡಿದರೆ ಸಾಕಿತ್ತು. ನನಗೆ ಇದನ್ನು ಅವರು ಎಷ್ಟೋ ಸಲ ಹೇಳಿಕೊಂಡಿದ್ದಾರೆ, ಹೇಳುವಾಗ ಕಣ್ಣು ತುಂಬಿಕೊಂಡದ್ದೂ ಉಂಟು.

ಕೆಲವು ವರ್ಷದ ಕೆಳಗೆ ಆ ಅಣ್ಣ ಹೊಸ ಮನೆ ಕಟ್ಟಿದರು. ಗೃಹಪ್ರವೇಶದ ಕಾರ್ಡನ್ನು ಮಂಡ್ಯದ ಪ್ರೆಸ್ಸಿನಲ್ಲಿ ಮಾಡಿಸುತ್ತೇನೆ ಎಂದು ಹೊರಟವರನ್ನು ಅತ್ತಿಗೆ ತಡೆದು, ಮನೆಮಗಳು ಇರುವಾಗ ಪ್ರೆಸ್ಸು ಯಾಕೆ ಎಂದರು. ಅಣ್ಣ ಒಪ್ಪಿದರು, ತಮ್ಮದೇ ರೀತಿಯಲ್ಲಿ. “ಮಾಡು. ಆದ್ರೆ ನಾಕ್ ಜನ ನಗೋ ಅಂಗಾದ್ರೆ, ಆ ರಬ್ಬರ್ನೆಲ್ಲ ನಿನ್ ಕೈಲೇ ಒಲೆಗೆ ಆಕ್ಸ್ತೀನಿ.”

ಮೇಡಂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೃಹಪ್ರವೇಶ ಅಂದರೆ ಹಸು-ಕರು ಮನೆಯೊಳಗೆ ಮೊದಲು ಕಾಲಿಡಬೇಕಲ್ಲ, ಕಾರ್ಡಿನ ಮೂಲೆಗೂ ಅದನ್ನೇ ಆರಿಸಿದರು. ಅವರ ಬಳಿ ಹಸುವಿನದೊಂದು ರಬ್ಬರು, ಕರುವಿನದೊಂದು ರಬ್ಬರು ಬೇರೆ ಬೇರೆ ಇದ್ದವು. ಎರಡನ್ನೂ ತೊಳೆದು, ನೆರಳಿನಲ್ಲಿ ಆರಲಿ ಎಂದು ಹಿತ್ತಿಲ ಕಲ್ಲಿನ ಮೇಲೆ ಇಟ್ಟು ಒಳಗೆ ಹೋದರು. ರಬ್ಬರು ಕೆಂಪಗೆ, ಒದ್ದೆಯಾಗಿ ಹೊಳೆಯುತ್ತಿತ್ತು. ಪಕ್ಕದ ಮನೆಯ ಕೋಳಿಗೆ ಅದು ಹಸಿ ಮಾಂಸದ ತುಂಡಿನಂತೆ ಕಂಡಿತೋ ಏನೋ, ಕರುವನ್ನು ಕಚ್ಚಿಕೊಂಡು ಓಡಿತು. ಮೇಡಂ ಸೆರಗು ಸಿಕ್ಕಿಸಿಕೊಂಡು ಬೀದಿಯ ಉದ್ದಕ್ಕೂ ಅಟ್ಟಿಸಿಕೊಂಡು ಹೋದರು. ಎದುರಿಗೆ ಬಂದವರು ಏನಾಯ್ತು ಎಂದು ಕೇಳಿದರೆ, “ಕೋಳಿ ಕರ ಕಚ್ಕಂಡ್ ಓಯ್ತಾದೆ!” ಅಂದರು. ಕರು ಮಾತ್ರ ಸಿಗಲಿಲ್ಲ.

ಹೊಸ ಕರು ಮಾಡಿಸಲು ಹೊತ್ತಿರಲಿಲ್ಲ. ಮಾರನೆಯ ದಿನ ಅಣ್ಣ ಕಾರ್ಡು ಹಂಚಲು ಹೊರಡುವವರಿದ್ದರು. ಮೇಡಂ ಟ್ರಂಕಿನಲ್ಲಿದ್ದ ಎಲ್ಲ ಎಕ್ಸ್‌ರೇಗಳನ್ನೂ ಕಿಟಕಿಗೆ ಹಿಡಿದು ಹುಡುಕಿದರು. ಕರುವಿನ ಅಳತೆಗೆ ಸರಿಯಾಗಿ ನಾಲ್ಕು ಕಾಲಿನದು ಒಂದೇ ಇತ್ತು. ಕತ್ತರಿ ತೆಗೆದುಕೊಂಡು ಟಗರಿನ ಕೊಂಬು ಎರಡನ್ನೂ ಕಚಕ್ಕನೆ ಕತ್ತರಿಸಿದರು. ಹಿಡಿಯಿಲ್ಲದ ರಬ್ಬರಿನ ದೊಡ್ಡ ಸುಖವೇ ಅದು, ಬೇಕಾದ ಹಾಗೆ ಕತ್ತರಿಸಿ ಜೋಡಿಸಬಹುದು. ಹಸುವಿನ ಪಕ್ಕಕ್ಕೆ ಅದನ್ನು ಅಂಟಿಸಿ ಒತ್ತಿ, ನನಗೆ ತೋರಿಸಿ, “ಎಂಗದೆ ಕರು?” ಅಂದರು. ನಾನು ಮದ್ದೂರಿನವನು. ವಡೆಯ ಒಳ್ಳೆಯದು ಕೆಟ್ಟದ್ದು ಕೇಳಿದರೆ ಹೇಳುತ್ತೇನೆ; ಕರುವಿನ ವಿಷಯದಲ್ಲಿ ನನ್ನ ತೀರ್ಪಿಗೆ ಬೆಲೆಯಿಲ್ಲ. ಸ್ವಲ್ಪ ಗುಂಡಗಿದೆ ಎಂದೆ. “ತವರುಮನೆ ಕರ ಅಲ್ವಾ, ಚೆನ್ನಾಗ್ ಮೇಯ್ಸವ್ರೆ,” ಅಂದರು ಮೇಡಂ. ಅಣ್ಣ ಕಾರ್ಡು ತೆರೆದೂ ನೋಡದೆ ಊರೂರಿಗೆ ಹಂಚಿಬಂದರು.

ಗೃಹಪ್ರವೇಶ ಭಾನುವಾರ. ನಾವು ಶಾಲೆಯವರೆಲ್ಲ ಹೋಗಿದ್ದೆವು. ಪೂಜೆ ಹೋಮ ಚೆನ್ನಾಗಿ ಆಯಿತು, ನಿಜವಾದ ಹಸು ನಿಜವಾದ ಕರುವಿನ ಜೊತೆ ಬಂದು ಹೋಯಿತು. ಅಣ್ಣ ಲೆಕ್ಕ ಹಾಕಿದ್ದಕ್ಕಿಂತ ಜನ ಬಹಳ ಹೆಚ್ಚಾಗಿ ಬಂದಿದ್ದರು. ಅಣ್ಣನಿಗೆ ಹೆಮ್ಮೆಯೋ ಹೆಮ್ಮೆ. ಊಟಕ್ಕೆ ಎಲೆ ಹಾಕಿದರು. ಕೋಸಂಬರಿ, ಪಲ್ಯ, ಚಿತ್ರಾನ್ನ ಬಂದವು. ಯಾರೂ ಮುಟ್ಟಲಿಲ್ಲ. ಹೋಳಿಗೆ ಬಂತು, ಮೇಲೆ ತುಪ್ಪ ಬಂತು. ಪಂಕ್ತಿಯ ತುಂಬ ಜನ ಕೈ ಕಟ್ಟಿಕೊಂಡು ಅಡುಗೆ ಮನೆಯ ಬಾಗಿಲನ್ನೇ ನೋಡುತ್ತ ಕೂತಿದ್ದರು. ಮೊದಲ ಎಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಇವತ್ತಿಗೆಂದೇ ಹಲ್ಲುಸೆಟ್ಟು ಹಾಕಿಸಿಕೊಂಡು ಬಂದಿದ್ದರು.

“ಯಾಕೆ ಗೌಡ್ರೇ, ಉಣ್ಣಿ,” ಎಂದರು ಅಣ್ಣ.

“ಉಣ್ತೀನಿ ಕಣಪ್ಪ. ಇದ್ರಲ್ಲೇ ಒಟ್ಟೆ ತುಂಬಿಸ್ಕಂಡ್ರೆ ಆಮೇಲೆ? ಕುರಿ ಯಾವಾಗ್ ಬತ್ತದೆ?”

“ಯಾವ ಕುರಿ?”

ಹಿರಿಯರು ಜೇಬಿನಿಂದ ಕಾರ್ಡು ತೆಗೆದು ಮೂಲೆ ತೋರಿಸಿದರು. “ನೀನೇ ಕೊಟ್ಟಿದ್ದಲ್ವಾ? ಬೆಳಿಗ್ಗೆ ಅಸಿನ ಪೂಜೆ, ಮದ್ಯಾನ್ನ ಕುರಿ ಊಟ. ಅಚ್ಚುಕಟ್ಟಾಗ್ ಒತ್ತವ್ರೆ.”

ಅಣ್ಣ ಕಾರ್ಡನ್ನು ಮೊದಲ ಸಲ ನೋಡಿದರು. ಅಲ್ಲಿಂದಲೇ ತಂಗಿಯನ್ನು ಕೂಗಿ ಕರೆದರು.

“ಏನವ್ವಾ ಇದು, ಪ್ರಾಣಿ?”

“ಕರ ಕಣಣ್ಣ.”

“ಕರನಾ! ಬಾಲ ಎಲ್ಲದೆ ಇದ್ರದು?”

“ಅಸ ಪಕ್ಕದಾಗೇ ನಿಂತದಲ್ಲ. ಅಸಿನ್ ಪಕ್ಕ ಕರ ಅಲ್ದೆ ಇನ್ನೇನು ನಿಂತ್ಕತದೆ?”

ಕಾರ್ಡು ಎಲೆಯಿಂದ ಎಲೆಗೆ ದಾಟಿತು. ಮಳವಳ್ಳಿ ಸೀಮೆಯಲ್ಲಿ ಕುರಿ ಗುರುತಿಸಲಾರದವನು ಗಂಡಸೇ ಅಲ್ಲ. ಅದರಲ್ಲೂ ನಮ್ಮ ಬಂಡೂರು ಕುರಿ ಅಂದರೆ ಕುರಿಗಳಲ್ಲೇ ದೊರೆ, ಅದರ ಮಾಂಸದ ಹೆಸರು ಕೇಳಿದರೆ ಜ್ವರ ಬಂದವನೂ ಎದ್ದು ಕೂರುತ್ತಾನೆ. ಆ ಜಾತಿಗೆ ಕೊಂಬು ಇರುವುದಿಲ್ಲ. ಹಿರಿಯರು ಕನ್ನಡಕ ಏರಿಸಿ ತೀರ್ಪು ಕೊಟ್ಟರು: “ಕೊಂಬಿಲ್ಲ. ಕಾಲು ಮೋಟು. ಬೆನ್ನು ನೋಡ್ಲಾ, ಮಣೆ ಇದ್ದಂಗದೆ. ಸಿವನಾಣೆಗೂ ಬಂಡೂರುದೇ ಕಣ್ಲಾ, ಅಪ್ಪಟ.” ಅವರ ಪಕ್ಕದವನು, “ಬರೀ ಟಗರಾಗಿದ್ರೆ ನಾನು ಬತ್ತಾನೇ ಇರ್ನಿಲ್ಲ. ಬಂಡೂರುದು ಅಂತ ಅಳಿಮಯ್ಯನ್ನೂ ಕರ್ಕಂಡ್ ಬಂದಿವ್ನಿ,” ಅಂದ. ಅಳಿಯ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದ. ಕೊಂಬು ಕತ್ತರಿಸಿ ಕರು ಮಾಡಲು ಹೋಗಿ ಮೇಡಂ ಸಾಧಾರಣ ಟಗರೊಂದನ್ನು ಬಂಡೂರು ಕುರಿ ಮಾಡಿ, ಊರು ಊರಿನ ಬಾಯಲ್ಲಿ ನೀರೂರಿಸಿದ್ದರು.

ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಇಡೀ ಪಂಕ್ತಿ ನಕ್ಕಿತು. ಅಣ್ಣನ ಮುಖ ಕೆಂಪಾಯಿತು. “ಕಳದ್ಬುಟ್ಟೆ ಕಣವ್ವ ನನ್ ಮಾನವ. ಓಗು, ತಕಬಾ ಆ ರಬ್ಬರ್ನೆಲ್ಲ. ಒಲೆ ಇನ್ನೂ ಉರೀತಾದೆ,” ಅಂದವರೇ ಊಟವನ್ನೂ ಮಾಡದೆ ತೋಟದ ಕಡೆಗೆ ಹೊರಟುಹೋದರು. ಮೇಡಂ ಕಂಬ ಹಿಡಿದುಕೊಂಡು ನಿಂತಿದ್ದರು. ನನಗೆ ತುಂಬ ಕೆಟ್ಟದೆನಿಸಿತು.

ಅಷ್ಟರಲ್ಲಿ ಬಡಿಸುವವನು ಹೋಳಿಗೆಯ ಬುಟ್ಟಿ ಹಿಡಿದು, ವಾಪಸ್ಸು ತೆಗೆದುಕೊಂಡು ಹೋಗಲೇ ಎಂದು ಮೇಡಂ ಅವರನ್ನೇ ಕೇಳಿದ. ಆ ಮಾತಿಗೆ ಅವರಿಗೆ ಪ್ರಾಣ ಬಂತು. ಯಾವ ಸಮಾರಂಭಕ್ಕೆ ಹೋದರೂ ಬಿಡದೆ ಒಯ್ಯುತ್ತಿದ್ದ ಅಚ್ಚಿನ ಚೀಲದಿಂದ ನನ್ನ ಸ್ಮರಣಿಕೆಯನ್ನು ತೆಗೆದು, ವಿವಾದದ ಪ್ರಾಣಿಯನ್ನು ಅದಕ್ಕೆ ಅಂಟಿಸಿ, ಪಂಕ್ತಿಯ ನಡುವೆ ನಿಂತರು.

“ಎಲ್ಲಾ ಕೇಳಿಸ್ಕಳಿ! ಮುಂದಿನ್ ಭಾನ್ವಾರ ಇದೇ ಮನೇಲಿ ಬಂಡೂರು ಕುರಿ ಊಟ. ತಡೀರಿ, ತಡೀರಿ, ಸುಮ್ನೆ ಅಲ್ಲ! ಇವತ್ತು ಯಾರು ಓಳಿಗೆ ಉಂಡು ಎಲೆ ಕಾಲಿ ಮಾಡ್ತಾರೋ ಅವ್ರ್ ಕೈಗೆ ಇದ್ನ ಒತ್ತೀನಿ. ಕೈಲಿ ಮುದ್ರೆ ಇದ್ದೋರಿಗೆ ಮಾತ್ರ ಕುರಿ.”

ಎಲ್ಲರೂ ಅತ್ತಿಗೆಯ ಕಡೆ ನೋಡಿದರು. ಅತ್ತಿಗೆ ತೋಟದ ದಾರಿಯನ್ನೊಮ್ಮೆ ನೋಡಿ, “ನಮ್ಮನೆ ಮಗಳು ಯೋಳುದ್ ಮೇಲೆ ಆಯ್ತು. ಉಣ್ಣಿ ಮತ್ತೆ,” ಅಂದರು. ಆಮೇಲೆ ನೋಡಬೇಕಿತ್ತು. ಹೋಳಿಗೆಯ ಬುಟ್ಟಿಗಳು ಬಂದ ಬಂದ ಹಾಗೆ ಬರಿದಾದವು. ಹಲ್ಲುಸೆಟ್ಟಿನ ಹಿರಿಯರು ಎಲೆ ನೆಕ್ಕುವುದೊಂದು ಬಾಕಿ. ಊಟ ಮುಗಿಸಿ ಕೈ ತೊಳೆದವರೆಲ್ಲ ಸಾಲಾಗಿ ಬಂದು ಕೈ ಚಾಚಿದರು. ಮೇಡಂ ಬಳಸಿದ್ದು ಬಟ್ಟೆಗೆ ಗುರುತು ಹಾಕುವ, ಒಗೆದರೂ ಹೋಗದ ಶಾಯಿ. ನನ್ನ ಕೈಗೂ ಬಿತ್ತು.

ಆ ವಾರ ನಮ್ಮ ಸೀಮೆಯನ್ನು ಕಂಡವರಿಗೆ ಏನೆನಿಸಿತೋ. ಹಲಗೂರು ಬಸ್‌ಸ್ಟ್ಯಾಂಡಿನಲ್ಲಿ ಕೈಯೆತ್ತಿ ಬಸ್ಸು ನಿಲ್ಲಿಸಿದವರ ಕೈಮೇಲೆಲ್ಲ ಕುರಿ. ಟಿಕೆಟ್ ಹರಿದುಕೊಡುವ ಕಂಡಕ್ಟರ ಕೈಮೇಲೂ ಕುರಿ. ಅವನೂ ನಾನೂ ಪರಸ್ಪರ ಕೈ ನೋಡಿಕೊಂಡು, ಒಂದೇ ಮಠದ ಶಿಷ್ಯರಂತೆ ತಲೆಯಾಡಿಸಿದೆವು. ಹೆಡ್‌ಮಾಸ್ಟರು ಸ್ನಾನಕ್ಕೆ ಹೋಗುವಾಗ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳುತ್ತಾರೆಂದು ಅವರ ಮನೆಯವರೇ ದೂರಿದರು. ತರಗತಿಯಲ್ಲಿ ನಾನು ಸೀಮೆಸುಣ್ಣ ಹಿಡಿದು ಕೈ ಎತ್ತಿದರೆ ಸಾಕು, ಹಿಂದಿನ ಬೆಂಚಿನಿಂದ “ಮ್ಯಾ” ಎಂಬ ಸ್ವರ ಬರುತ್ತಿತ್ತು. ಹಳಗನ್ನಡ ಪದ್ಯವನ್ನು ಆ ವಾರ ಎಡಗೈಯಲ್ಲಿ ಬರೆದು ಪಾಠ ಮಾಡಿದೆ.

ಅಣ್ಣ ಮಾತ್ರ ತಂಗಿಯ ಜೊತೆ ಮಾತು ಬಿಟ್ಟಿದ್ದರು. ಆದರೆ ಮನೆಯ ಹೆಸರಿನಲ್ಲಿ ಮಾತು ಹೋದ ಮೇಲೆ ಹಿಂದೆ ಸರಿಯುವ ಪೈಕಿ ಅಲ್ಲ. ಬಂಡೂರಿಗೇ ಹೋಗಿ ತಾವೇ ಕುರಿಗಳನ್ನು ಆರಿಸಿ ತಂದರು. ಭಾನುವಾರ ಬೆಳಿಗ್ಗೆಯಿಂದ ಹಿತ್ತಿಲಿನ ಒಲೆಗಳ ಮುಂದೆ ನಿಂತು ಮಸಾಲೆ ನೋಡಿದವರೂ ಅವರೇ. ಮೇಡಂ ಮುಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಂದವರ ಕೈ ಪರೀಕ್ಷಿಸುತ್ತಿದ್ದರು. ಒಬ್ಬ ಬಾಲ್‌ಪೆನ್ನಿನಲ್ಲಿ ತಾನೇ ಬರೆದುಕೊಂಡು ಬಂದಿದ್ದ, ಉತ್ಸಾಹದಲ್ಲಿ ಕೊಂಬನ್ನೂ ಹಾಕಿಬಿಟ್ಟಿದ್ದ. “ನಿಂದು ಬೇರೆ ಮನೆ ಊಟ ಕಣಪ್ಪ,” ಎಂದು ಅವನನ್ನು ಒಂದಿಷ್ಟು ಹೊತ್ತು ಕಾಯಿಸಿ ಒಳಗೆ ಬಿಟ್ಟರು.

ಮಧ್ಯಾಹ್ನ ಅಣ್ಣ ಬೆವರು ಒರೆಸಿಕೊಳ್ಳುತ್ತ, ಅಂಗಳ ಸುತ್ತಿ ಮುಂಬಾಗಿಲಿಗೆ ಬಂದರು. ತಂಗಿಯನ್ನು ನೋಡದವರಂತೆ ಒಳಗೆ ಹೋಗಲು ಹೆಜ್ಜೆ ಇಟ್ಟರು. ಮೇಡಂ ಎದ್ದು ಬಾಗಿಲಿಗೆ ಅಡ್ಡ ಕೈಯಿಟ್ಟರು.

“ಕೈ ತೋರ್ಸಣ್ಣ.”

“ಏನು?”

“ಮುದ್ರೆ ಇಲ್ದೋರ್ಗೆ ಕುರಿ ಇಲ್ಲ.”

“ಲೇ, ನನ್ ಮನೆ ಕಣೇ ಇದು!”

“ಅವತ್ತು ನೀನು ಓಳಿಗೆ ಉಣ್ನಿಲ್ವಲ್ಲ.”

ಒಳಗೆ ಎಲೆಯ ಮುಂದೆ ಕೂತವರೆಲ್ಲ ಅಗಿಯುವುದನ್ನು ನಿಲ್ಲಿಸಿದರು. ಅಣ್ಣ ಆ ಅಡ್ಡಗೈಯನ್ನು ತಳ್ಳಿಕೊಂಡು ಹೋಗುತ್ತಾರೆಂದೇ ನಾನು ಅಂದುಕೊಂಡೆ. ಅಷ್ಟರಲ್ಲಿ ಅತ್ತಿಗೆ ಒಳಗಿನಿಂದ ತಟ್ಟೆಯಲ್ಲಿ ಒಂದು ಹೋಳಿಗೆ ತಂದು ಗಂಡನ ಮುಂದೆ ಹಿಡಿದರು. ಅದರಿಂದ ಹಬೆ ಬರುತ್ತಿತ್ತು. ಬಾಡೂಟದ ಆ ಗಲಾಟೆಯ ನಡುವೆ, ಯಾರಿಗೂ ಹೇಳದೆ, ಒಂದೇ ಒಂದು ಹೋಳಿಗೆ ಮಾಡಿಟ್ಟಿದ್ದರು.

ಅಣ್ಣ ಹೆಂಡತಿಯನ್ನು ನೋಡಿದರು, ತಂಗಿಯನ್ನು ನೋಡಿದರು. ಆಮೇಲೆ ಜಗಲಿಯ ಮೇಲೆ ಕೂತು, ಇಡೀ ಊರು ನೋಡುತ್ತಿದ್ದಂತೆ, ಹೋಳಿಗೆಯನ್ನು ಮುರಿದು ಮುರಿದು ತಿಂದು ಮುಗಿಸಿದರು. ಕೈಯನ್ನು ಪಂಚೆಗೆ ಒರೆಸಿಕೊಂಡು ಮುಂದಕ್ಕೆ ಚಾಚಿದರು. ಮೇಡಂ ಒತ್ತಿದರು. ಅಣ್ಣ ಕೈಯನ್ನು ಕಣ್ಣಿನ ಹತ್ತಿರ ತಂದು, ಹೊರಳಿಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಕರ ಲಕ್ಸಣ್ವಾಗದೆ ಕಣವ್ವ,” ಅಂದರು.

ಹಲ್ಲುಸೆಟ್ಟಿನ ಹಿರಿಯರು ಒಳಗಿನಿಂದ ಕತ್ತು ಚಾಚಿ, “ಅದು ಬಂಡೂರು...” ಎಂದು ಬಾಯಿ ತೆಗೆದರು.

“ಕರ ಅಂದ್ನಲ್ಲ!” ಎಂದು ಅಣ್ಣ ಗದರಿದರು.

ಮೇಡಂ ಮೂಗು ಸೆರಗಿಗೆ ಒರೆಸಿಕೊಂಡು, ಅಣ್ಣನ ಇನ್ನೊಂದು ಕೈಯನ್ನೂ ಎಳೆದುಕೊಂಡು ಅದರ ಮೇಲೂ ಒತ್ತಿದರು.